ಪೆರುವಿನ ಬಿಸಿನೀರು, ಮಲ್ಪೆಯ ಬೂತಾಯಿ

ಮುಂಬಯಿಯಲ್ಲಿರುವ ನಮ್ಮ ಕರಾವಳಿಯವರಿಗೆ ಬೂತಾಯಿ ಎಂದರೆ ಬಡವರ ಮೀನು. ಇಲ್ಲಿನ ಮಾರ್ಕೆಟ್‌ನಲ್ಲಿ ತಾರ್ಲಿ ಎಂದು ಕೇಳಬೇಕು. ಊರಲ್ಲಿ ಹೆಚ್ಚಾದಾಗ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದ ಈ ಮೀನು ಕಡಲಿನಿಂದ ಮಾಯವಾದೀತೆಂದು ಯಾರೂ ಎಣಿಸಿರಲಿಲ್ಲ. ನಾನಂತೂ ಎಣಿಸಿರಲಿಲ್ಲ.

2013ರಲ್ಲಿ ಮಲ್ಪೆಯ ನಮ್ಮ ಭಾವ ಪರ್ಸೀನ್ ಬೋಟಿನಲ್ಲಿ ಪಾಲು ಪಡೆಯಲು ಸಾಲ ಮಾಡಿದರು. ಬ್ಯಾಂಕಿನಲ್ಲಿರುವವನೆಂದು ಲೆಕ್ಕ ಹಾಕಿಕೊಟ್ಟದ್ದು ನಾನೇ. ಹಿಂದಿನ ಮೂರು ವರ್ಷಗಳ ಸರಾಸರಿ ತೆಗೆದು, ಕಂತು ಸಲೀಸಾಗಿ ಕಟ್ಟಬಹುದು ಎಂದೆ. ಆ ಮೂರು ವರ್ಷಗಳೇ ಹುಲುಸಿನ ವರ್ಷಗಳಾಗಿದ್ದವೆಂದು ಆಗ ಹೊಳೆಯಲಿಲ್ಲ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, 2012ರಲ್ಲಿ ಕೇರಳದಲ್ಲಿ ಸಿಕ್ಕ ಬೂತಾಯಿ ಸುಮಾರು 4 ಲಕ್ಷ ಟನ್. 2016ರಲ್ಲಿ ಅದು 46 ಸಾವಿರ ಟನ್ನಿಗೆ ಇಳಿಯಿತು. 2021ರಲ್ಲಿ ಕೇವಲ 3,300 ಟನ್! ನಮ್ಮ ಭಾವನ ಬಲೆಯೂ ಬರಿದಾಯಿತು.

ಕಾರಣ ಹುಡುಕಿದರೆ ದಾರಿ ಪೆರು ದೇಶದವರೆಗೆ ಹೋಗುತ್ತದೆ. ಅಲ್ಲಿನ ತೀರದಲ್ಲಿ ಗಾಳಿ ಮೇಲಿನ ಬೆಚ್ಚನೆಯ ನೀರನ್ನು ದೂರ ತಳ್ಳುತ್ತದೆ. ಆಗ ಆಳದ ತಣ್ಣೀರು ಪೌಷ್ಟಿಕಾಂಶಗಳನ್ನು ಹೊತ್ತು ಮೇಲೇಳುತ್ತದೆ. ಅದರಿಂದ ಬೆಳೆಯುವ ಸೂಕ್ಷ್ಮ ಜೀವಿಗಳೇ ಅಲ್ಲಿನ ಆಂಚೋವಿ ಮೀನಿನ ಆಹಾರ. ಕೆಲವು ವರ್ಷ ಗಾಳಿ ಸೋಲುತ್ತದೆ, ನೀರು ಬಿಸಿಯಾಗುತ್ತದೆ, ಮೀನು ಇರುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಬರುವುದರಿಂದ ಅಲ್ಲಿನ ಬೆಸ್ತರು ಇದಕ್ಕೆ ‘ಎಲ್ ನಿನೊ’, ಅಂದರೆ ಬಾಲಯೇಸು, ಎಂದು ಹೆಸರಿಟ್ಟರು. 1970ರಲ್ಲಿ ಕೋಟಿ ಟನ್ನಿಗೂ ಹೆಚ್ಚಿದ್ದ ಅವರ ಹಿಡುವಳಿ 1973ಕ್ಕೆ 20 ಲಕ್ಷ ಟನ್ ಕೂಡ ದಾಟಲಿಲ್ಲ.

ನಮ್ಮ ಕಡಲಲ್ಲಿ ಆ ತಣ್ಣೀರನ್ನು ಎಬ್ಬಿಸುವುದು ಮುಂಗಾರಿನ ಗಾಳಿ. ಬೂತಾಯಿ ಮರಿ ಮಾಡುವುದೂ ಆಗಲೇ. ಎಲ್ ನಿನೊ ಬಂದ ವರ್ಷ ನೀರಿನ ಶಾಖ ಏರಿ ಈ ಏರ್ಪಾಡು ತಪ್ಪುತ್ತದೆ. 2015ರದ್ದು ಬಹಳ ಜೋರಿನ ಎಲ್ ನಿನೊ. ಹಾಗೆಂದು ಎಲ್ಲವನ್ನೂ ಪೆರುವಿನ ತಲೆಗೆ ಕಟ್ಟುವುದು ಸರಿಯಲ್ಲ. ಬೆರಳುದ್ದದ ಮರಿಗಳನ್ನೂ ಬಾಚಿ ಫಿಶ್‌ಮೀಲ್ ಕಾರ್ಖಾನೆಗೆ ಕೊಟ್ಟವರು ನಮ್ಮವರೇ. ಇದನ್ನು ಭಾವನೇ ಒಪ್ಪುತ್ತಾರೆ, ಅಕ್ಕ ಎದುರಿಗಿಲ್ಲದಾಗ.

ಸಾಲ ತೀರಿದ್ದು ಅಕ್ಕನ ಬಳೆಗಳಿಂದ. ನನ್ನ ಸರಾಸರಿಯ ಬಗ್ಗೆ ಅವಳು ಇಂದಿಗೂ ಒಂದು ಮಾತು ಆಡಿಲ್ಲ. 2023ರಲ್ಲಿ ಪೆರು ಸರಕಾರ ಎಲ್ ನಿನೊ ಕಾರಣ ಆಂಚೋವಿಯ ಮೊದಲ ಋತುವನ್ನೇ ರದ್ದು ಮಾಡಿತು. ಆ ವರ್ಷ ಜುಲೈ ಕೊನೆಗೆ, ರಜೆ ಮುಗಿದು ಬೋಟುಗಳು ಇಳಿಯುವ ಮೊದಲು, ಭಾವ ಫೋನ್ ಮಾಡಿದರು. ಮಳೆ, ಮಕ್ಕಳು ಯಾವುದನ್ನೂ ಕೇಳಲಿಲ್ಲ. “ಮಾರಾಯ, ಆ ಪೆರುವಿನಲ್ಲಿ ನೀರು ಹೇಗುಂಟಂತೆ?” ಎಂದರು.