ಅಂತರಂಗದ ಆರೈಕೆ

ನಿವೃತ್ತನಾಗಿ ಅರಸೀಕೆರೆಗೆ ಮರಳಿದ ವರ್ಷವೇ ನನ್ನ ಮಡದಿ ತೀರಿಕೊಂಡಳು. 35 ವರ್ಷ ವಚನಗಳನ್ನು ಪಾಠ ಹೇಳಿದವನಿಗೆ ಒಂದು ಮುಂಜಾವನ್ನು ಕಳೆಯುವ ಬಗೆ ತಿಳಿಯದಾಯಿತು.

ನೆಮ್ಮದಿಯನ್ನರಸಿ ಬೇಲೂರಿಗೆ ಹೋದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಕೈಮುಗಿದು ನಿಂತೆ, ಮನಸ್ಸು ಮಾತ್ರ ಬರಿದಾದ ಮನೆಯಲ್ಲೇ ಇತ್ತು. ಅಲ್ಲಿಂದ 16 ಕಿಲೋಮೀಟರು ದೂರದ ಹಳೇಬೀಡಿಗೆ ಬಂದು, ಬಿಸಿಲಿಗೆ ಬಳಲಿ, ಹೊಯ್ಸಳೇಶ್ವರನ ಗುಡಿಯ ಜಗತಿಯ ಮೇಲೆ ಗೋಡೆಯ ನೆರಳಿನಲ್ಲಿ ಕುಳಿತೆ. ಕುಳಿತದ್ದರಿಂದಲೇ ತಳದ ಆನೆಗಳ ಸಾಲು ಕಣ್ಣಿಗೆ ಬಿತ್ತು. ನಿಂತವರ ನೋಟವೆಲ್ಲ ಮೇಲಿನ ದೇವತಾಮೂರ್ತಿಗಳ ಕಡೆಗೆ. ಕಾಲಬಳಿಯ ಈ ಸಾಲನ್ನು ದಿಟ್ಟಿಸುವವರು ವಿರಳ. ಆದರೂ ಶಿಲ್ಪಿ ಒಂದು ಸೊಂಡಿಲನ್ನು ಮಡಿಸಿದ್ದಾನೆ, ಇನ್ನೊಂದನ್ನು ಇಳಿಬಿಟ್ಟಿದ್ದಾನೆ. ಬಳಪದ ಕಲ್ಲು ಹೊಸದಾಗಿ ತೆಗೆದಾಗ ಮೆದು. ಗಾಳಿ ಸೋಕುತ್ತ ಗಡುಸಾಗುತ್ತದೆ. ದುಃಖಕ್ಕೂ ಅಂಥದೇ ಗುಣವಿರಬೇಕು ಎಂದು ನನಗೆ ಅಲ್ಲಿ ಅನಿಸಿತು.

ಧ್ಯಾನದ ವಿಷಯವಾಗಿ ದೊಡ್ಡ ಮಾತು ಆಡಲಾರೆ. ಆ ಅಧಿಕಾರ ನನಗಿಲ್ಲ. ಮರುದಿನ ಆಕೆ ನೆಟ್ಟ ತುಳಸಿಗೆ ನೀರೆರೆಯುವಾಗ, ಎಲೆಗಳ ಮೇಲೆ ಕುಳಿತಿದ್ದ ಧೂಳು ಮೊದಲ ಬಾರಿಗೆ ಕಂಡಿತು. ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಿದೆ. ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತು ಚಿತ್ತ ಎಲ್ಲಿಗೂ ಓಡಲಿಲ್ಲ. ಈಗ ಹಾಲು ಕಾಯಿಸುವಾಗ ಪತ್ರಿಕೆ ಓದುವುದಿಲ್ಲ, ಒಲೆಯ ಬಳಿಯೇ ನಿಲ್ಲುತ್ತೇನೆ. ಕೆಲವು ದಿನ ನಿಂತಿದ್ದರೂ ಉಕ್ಕಿಹೋಗುತ್ತದೆ, ನಿಜ.

ಸಂಜೆ ನಮ್ಮೂರ ಶಿವಾಲಯದ ನಕ್ಷತ್ರಾಕಾರದ ಮಂಟಪಕ್ಕೆ ಹೋಗುತ್ತೇನೆ. ಅದಕ್ಕೆ ಹದಿನಾರು ಮೂಲೆ. ಇಷ್ಟು ವರ್ಷ ಅದರ ಮುಂದೆಯೇ ಓಡಾಡಿದ್ದರೂ ಎಣಿಸಿ ನೋಡಿದ್ದು ಈಚೆಗೆ.