ಕೊನೆಯ ಉಸಿರು, ಕಾನೂನು ಮತ್ತು ಭಕ್ತರ ಮನೆ

ಆಳಂದ, ಅಫಜಲಪುರದವರಿಗೆ ದೊಡ್ಡ ದವಾಖಾನೆಯೆಂದರೆ ಒಂದೋ ಕಲಬುರಗಿ, ಇಲ್ಲವೆ ಸೊಲ್ಲಾಪುರ. ಜೇವರ್ಗಿಯವರು ಭೀಮೆಯನ್ನು ದಾಟಿ ಕಲಬುರಗಿಗೇ ಬರುತ್ತಾರೆ. ಮನೆಯ ಹಿರಿಯರು ಅಲ್ಲಿ ಕೃತಕ ಉಸಿರಾಟದ ಯಂತ್ರಕ್ಕೆ ಒಳಗಾದ ಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತ ಮಕ್ಕಳ ಸಂಕಟವನ್ನು ಬಲ್ಲವರೇ ಬಲ್ಲರು. ಎರೆಹೊಲದ ಮೇಲೆ ಸಾಲ ಏರುತ್ತದೆ. ಗುಣವಾಗುವ ಆಸೆಯಿಲ್ಲವೆಂದು ವೈದ್ಯರೇ ಹೇಳಿದರೂ ಯಂತ್ರವನ್ನು ತೆಗೆಯಿರೆನ್ನುವ ಧೈರ್ಯ ಯಾರಿಗೂ ಬಾರದು. ಅಂತ್ಯಕಾಲದಲ್ಲಿ ಹಣೆಗೆ ವಿಭೂತಿ, ಬಾಯಿಗೆ ಪಾದೋದಕ, ಕರದಲ್ಲಿ ಇಷ್ಟಲಿಂಗ ಇರಲೆಂದು ಬಾಳೆಲ್ಲ ಬಯಸಿದ ಜೀವಕ್ಕೆ ಅಲ್ಲಿ ದೊರೆಯುವುದು ಗಂಟಲಿಗೆ ಇಳಿಸಿದ ಕೊಳವೆ.

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯು ಈ ವಿಷಯದಲ್ಲಿ ಒಂದು ಸುತ್ತೋಲೆಯನ್ನು ಹೊರಡಿಸಿತು. ರಾಜ್ಯದಲ್ಲಿ ದಯಾಮರಣಕ್ಕೆ ಒಪ್ಪಿಗೆ ದೊರೆಯಿತೆಂದು ಹಲವರು ತಿಳಿದರು. ಅದು ಹಾಗಲ್ಲವೆಂದು ಸಚಿವ ದಿನೇಶ್ ಗುಂಡೂರಾವ್ ಅವರೇ ಸ್ಪಷ್ಟಪಡಿಸಬೇಕಾಯಿತು. ಸೂಜಿಮದ್ದು ಕೊಟ್ಟು ಪ್ರಾಣ ತೆಗೆಯುವುದು ಇಂದಿಗೂ ಅಪರಾಧವೇ. ನೆದರ್ಲೆಂಡ್ಸ್ ದೇಶದಲ್ಲಿ 2002ರಿಂದ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ, ನಮ್ಮಲ್ಲಿಲ್ಲ. ನಮ್ಮಲ್ಲಿ ಒಪ್ಪಿರುವುದು ಇಷ್ಟೇ: ಚೇತರಿಕೆಯ ಭರವಸೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಿ, ಮರಣವನ್ನು ಅದರ ದಾರಿಯಲ್ಲಿ ಬರಗೊಡುವುದು.

ಈ ಒಪ್ಪಿಗೆಯ ಹಿಂದೆ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳ ದಾರುಣ ಕಥೆಯಿದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿಯೇ ನಡೆದ ಘೋರ ಹಲ್ಲೆಯಿಂದ ಪ್ರಜ್ಞೆ ಕಳೆದುಕೊಂಡು, ನಲವತ್ತೊಂದು ವರ್ಷಗಳಿಗೂ ಮಿಕ್ಕಿ ಹಾಸಿಗೆಯಲ್ಲಿ ಉಳಿದರು. ಅವರ ಪರವಾಗಿ ಪಿಂಕಿ ವಿರಾನಿಯವರು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು ತಳ್ಳಿಹಾಕಿದರೂ, ಚಿಕಿತ್ಸೆ ನಿಲ್ಲಿಸುವ ಮಾರ್ಗವನ್ನು ತಾತ್ವಿಕವಾಗಿ ತೆರೆಯಿತು. ಆಸ್ಪತ್ರೆಯ ದಾದಿಯರು ಮಾತ್ರ ಆಕೆಯನ್ನು ಬಿಟ್ಟುಕೊಡಲೊಪ್ಪಲಿಲ್ಲ. ತಮ್ಮವಳೆಂದು ಕೊನೆಯವರೆಗೆ ಆರೈಕೆ ಮಾಡಿದರು. 2015ರ ಮೇ 18ರಂದು ಅರುಣಾ ತೀರಿಕೊಂಡರು. ಈ ದಾದಿಯರ ಸೇವೆಯನ್ನು ದಾಸೋಹವೆನ್ನದೆ ಬೇರೇನೆನ್ನಬೇಕು?

2018ರ ಮಾರ್ಚ್ 9ರ ತೀರ್ಪು ಘನತೆಯ ಮರಣವನ್ನು ಸಂವಿಧಾನದ 21ನೆಯ ವಿಧಿಯೊಳಗೆ ಸೇರಿಸಿತು. ವಿಧಿಸಿದ ಕ್ರಮ ತೊಡಕಿನದಾಗಿದ್ದುದರಿಂದ 2023ರ ಜನವರಿಯಲ್ಲಿ ನ್ಯಾಯಾಲಯವೇ ಅದನ್ನು ಸರಳಗೊಳಿಸಿತು. ಈಗ ಆಸ್ಪತ್ರೆಯಲ್ಲಿ ಮೂವರು ವೈದ್ಯರ ಮಂಡಳಿಯೊಂದು ರೋಗಿಯ ಸ್ಥಿತಿಯನ್ನು ಪರೀಕ್ಷಿಸಬೇಕು. ಮೂವರ ಎರಡನೆಯ ಮಂಡಳಿ ಅದನ್ನು ಒಪ್ಪಬೇಕು. ಎರಡಕ್ಕೂ ಸಾಧ್ಯವಾದಷ್ಟು 48 ಗಂಟೆಗಳ ಅವಧಿ. ಮನೆಯವರ ಸಮ್ಮತಿ ಬೇಕು. ನಿರ್ಧಾರವನ್ನು ಜಾರಿಗೊಳಿಸುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಘನತೆಯ ಮರಣದ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಹೋರಾಡಿದವರು. ಅವರಂಥವರ ನೋವನ್ನು ಅಲ್ಲಗಳೆಯಲಾರೆವು. ಆದರೂ ಮದ್ದು ಕೊಟ್ಟು ಸಾಯಿಸುವ ಕಾನೂನು ಬರಲೆಂದು ಹೇಳಲು ಈ ಲೇಖಕನ ಮನಸ್ಸು ಒಪ್ಪದು. ಮಗನಿಗೆ ಹೊರೆಯಾದೆನೆಂದು ಕೊರಗುವ ತಾಯಿ ನಮ್ಮ ಯಾವ ಊರಿನಲ್ಲಿಲ್ಲ? ಅಂಥ ತಾಯಿ "ಸಾಕು" ಎಂದಾಗ ಅದು ಅವಳ ಇಚ್ಛೆಯೋ, ಮನೆಯ ಬಡತನದ ಮಾತೋ ಎಂದು ಅಳೆಯುವ ತಕ್ಕಡಿ ಯಾವ ಮಂಡಳಿಯಲ್ಲಿದೆ? ಕ್ಯಾನ್ಸರಿನ ನೋವನ್ನು ತಣಿಸುವ ಮಾರ್ಫಿನ್ ಔಷಧಿಯನ್ನು ಪಡೆಯುವ ನಿಯಮಗಳು 2014ರ ತಿದ್ದುಪಡಿಯಿಂದ ಸಡಿಲವಾಗಿವೆ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಅಂತಿಮ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಅರಳಗುಂಡಗಿಯ ಶರಣಬಸವೇಶ್ವರರ ದಾಸೋಹವನ್ನು ನೆನೆಯುವ ನಮ್ಮ ಭಾಗದ ಮಠಮಾನ್ಯಗಳು ಅನ್ನದ ಜೊತೆಗೆ ಇಂಥ ಆರೈಕೆಗೂ ಒಂದೆರಡು ಕೋಣೆಗಳನ್ನು ಮೀಸಲಿಟ್ಟರೆ, ಸಾವನ್ನು ಬೇಡುವವರ ಸಂಖ್ಯೆ ತಾನಾಗಿ ತಗ್ಗೀತು.

ಚಿಕಿತ್ಸೆ ನಿಲ್ಲಿಸುವ ಮಾತು ಬೇರೆ. ಮರಣವನ್ನು ಲಿಂಗೈಕ್ಯವೆಂದು ಕರೆದ ಸಮಾಜಕ್ಕೆ ಯಂತ್ರಕ್ಕೆ ಜೋತುಬೀಳುವ ಅಂಜಿಕೆ ಸಲ್ಲದು.

ಬುದ್ಧಿ ಸ್ಥಿಮಿತದಲ್ಲಿರುವಾಗಲೇ ವಯಸ್ಕರು ತಮ್ಮ ಇಚ್ಛೆಯನ್ನು ಬರೆದಿಡಬಹುದು. ತಮ್ಮ ಪರವಾಗಿ ನಿರ್ಧರಿಸತಕ್ಕ ಇಬ್ಬರ ಹೆಸರು ಅದರಲ್ಲಿರಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರಾಯಿತು. ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಲೂ ಬಹುದು. ಈ ಕಾಗದವನ್ನು ಹೊಲದ ಪಹಣಿಯೊಡನೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಮಾತ್ರ ಪ್ರಯೋಜನವಿಲ್ಲ. ಹೆಸರಿಸಿದ ಆ ಇಬ್ಬರ ಕೈಯಲ್ಲೂ ಒಂದೊಂದು ಪ್ರತಿಯಿರಬೇಕು.