ಆನೆ ಇದ್ದದ್ದೆಲ್ಲ ಟಿಪ್ಪು ಕಾಸಲ್ಲ!

ಹಳೇ ತಾಮ್ರದ ನಾಣ್ಯ ಕೈಗೆ ಸಿಕ್ಕರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ‘ಇದಕ್ಕೆ ಎಷ್ಟು ಸಿಗುತ್ತೆ?’ ನಾಲ್ಕು ವರ್ಷಗಳಿಂದ ಈ ಹವ್ಯಾಸಕ್ಕೆ ಬಿದ್ದಿರುವ ನಾನು ಹೇಳುವುದಿಷ್ಟೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾರದು, ಎಲ್ಲಿ ಅಚ್ಚಾದದ್ದು, ಯಾವ ವರ್ಷದ್ದು, ಹೇಗೆ ತಯಾರಾದದ್ದು ಎಂಬ ನಾಲ್ಕು ಪ್ರಶ್ನೆಗಳನ್ನು ದಾಟದೆ ಬೆಲೆಗೆ ಹಾರಿದರೆ ಜೇಬಿಗೆ ಕತ್ತರಿ ಬೀಳುವುದು ಖಂಡಿತ.

ನನ್ನ ಹತ್ತಿರ ಚಿನ್ನದ ವರಹಗಳಿಲ್ಲ. ವಿದ್ಯಾರ್ಥಿಯ ಪಾಕೆಟ್ ಮನಿಗೆ ಎಟುಕುವುದು ತಾಮ್ರ ಮಾತ್ರ. ಆದರೆ ತಾಮ್ರದ ಕಾಸಿಗೆ ಒಂದು ಗತ್ತಿದೆ. ಚಿನ್ನ ಖಜಾನೆಯಲ್ಲಿ ಕೂತಿತ್ತು. ಸೊಪ್ಪು, ಉಪ್ಪು, ಎಣ್ಣೆ ಕೊಳ್ಳಲು ಸಂತೆಯಲ್ಲಿ ಓಡಾಡಿದ್ದು ತಾಮ್ರ. ಅದು ಸವೆದಿರುವುದೇ ಅದಕ್ಕೆ ಸಾಕ್ಷಿ.

ನಮ್ಮ ಮೈಸೂರು ಸೀಮೆಯಲ್ಲಿ ಆನೆ ಚಿತ್ರದ ಕಾಸು ಕಂಡರೆ ಸಾಕು, ‘ಟಿಪ್ಪು ಕಾಲದ್ದು’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಈ ನೆಲದ ತಾಮ್ರದ ನಾಣ್ಯಗಳ ಮೇಲೆ ಆನೆ ಹತ್ತಿಸಿದವರು ಒಬ್ಬರಲ್ಲ. ವಿಜಯನಗರದ ದೇವರಾಯನ ಕಾಸುಗಳಲ್ಲಿ ಆನೆ ಇದೆ. ಅಂಥ ಕೆಲವದರ ಹಿಂಬದಿಯಲ್ಲಿ ‘ರಾಯ ಗಜಗಂಡಭೇರುಂಡ’ ಎಂಬ ಬಿರುದು ಕನ್ನಡ ಲಿಪಿಯಲ್ಲೇ ಇದೆ. ಹೈದರಾಲಿ ಕೊನೆಗಾಲದಲ್ಲಿ ಆನೆಯನ್ನು ತಂದ. ಟಿಪ್ಪು ಅದನ್ನು ಮುಂದುವರಿಸಿದ. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲೂ ಆನೆಯೇ. ಹಾಗಾಗಿ ಆನೆ ನೋಡಿ ಖುಷಿಪಡಿ, ಆದರೆ ಉತ್ತರ ಸಿಗುವುದು ನಾಣ್ಯವನ್ನು ತಿರುಗಿಸಿದ ಮೇಲೆ.

ಟಿಪ್ಪುವಿನ ಕಾಸಿನ ಹಿಂಬದಿಯಲ್ಲಿ ಪಾರ್ಸಿ ಅಕ್ಷರಗಳಿವೆ. ಪಾರ್ಸಿ ಬರಲ್ಲ ಎಂದು ಗಾಬರಿ ಬೇಡ, ನನಗೂ ಬರಲ್ಲ. ‘ಜರ್ಬ್’ ಎಂಬ ಒಂದು ಪದದ ಆಕಾರ ಗುರುತಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಅದರ ಅರ್ಥ ‘ಅಚ್ಚು ಹೊಡೆದದ್ದು’. ಅದರ ಜೊತೆಗಿರುವುದು ಟಂಕಸಾಲೆಯ ಊರು. ‘ಪಟನ್’ ಅಂದರೆ ಶ್ರೀರಂಗಪಟ್ಟಣ, ‘ನಗರ್’ ಅಂದರೆ ಬಿದನೂರು, ‘ಫರ್ರುಖ್‌ಯಾಬ್ ಹಿಸಾರ್’ ಅಂದರೆ ನಮ್ಮ ಚಿತ್ರದುರ್ಗ! ನಾಣ್ಯಗಳಿಗೂ ಚೆಂದದ ಹೆಸರಿಟ್ಟಿದ್ದ. ಒಂದು ಪೈಸೆಗೆ ‘ಜೊಹ್ರಾ’ ಅಂದರೆ ಶುಕ್ರಗ್ರಹ, ಅರ್ಧ ಪೈಸೆಗೆ ‘ಬಹ್ರಾಮ್’ ಅಂದರೆ ಮಂಗಳ, ಕಾಲು ಪೈಸೆಗೆ ‘ಅಖ್ತರ್’ ಅಂದರೆ ನಕ್ಷತ್ರ.

ತಲೆ ತಿರುಗಿಸುವುದು ಇಸವಿ. ಮೊದಲ ವರ್ಷಗಳಲ್ಲಿ ಅವನ ನಾಣ್ಯಗಳಲ್ಲಿ ಹಿಜರಿ ಶಕ ಇತ್ತು. ಆಮೇಲೆ ‘ಮೌಲೂದಿ’ ಎಂಬ ಹೊಸ ಶಕ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅಂದರೆ ನಮ್ಮ ಕಣ್ಣಿಗೆ 8121 ಎಂದು ಕಾಣುವುದು ನಿಜಕ್ಕೂ 1218. ಕ್ರಿಸ್ತಶಕದ ಲೆಕ್ಕದಲ್ಲಿ ಸುಮಾರು 1790. ಇದನ್ನು ಮೊದಲ ಸಲ ಸ್ವಂತವಾಗಿ ಬಿಡಿಸಿದ ದಿನ ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟೇ ಸಂತೋಷವಾಗಿತ್ತು.

ಇನ್ನು ತಯಾರಿಕೆ. ಕಾದ ತಾಮ್ರದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಮೇಲಿಂದ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ ಕಾಲ ಅದು. ಬಿಲ್ಲೆ ಚಿಕ್ಕದು, ಅಚ್ಚು ದೊಡ್ಡದು. ಹಾಗಾಗಿ ಒಂದರಲ್ಲಿ ಆನೆಯ ಸೊಂಡಿಲು ಹೊರಗೆ ಉಳಿದಿರುತ್ತದೆ, ಇನ್ನೊಂದರಲ್ಲಿ ಊರಿನ ಹೆಸರೇ ಅರ್ಧ. ಅಂಚು ಸೀಳಿರಬಹುದು, ದಪ್ಪ ಒಂದೇ ಸಮ ಇರಲಿಕ್ಕಿಲ್ಲ. ಇವು ದೋಷವಲ್ಲ, ಸುತ್ತಿಗೆಯ ಸಹಿ. ಅಂಚಿನ ಸುತ್ತ ಬೆಸೆದಂಥ ಗೆರೆ, ಮೇಲ್ಮೈಯಲ್ಲಿ ಸಣ್ಣಸಣ್ಣ ಗುಳ್ಳೆ, ಸೋಪಿನಂತೆ ಜಾರಿದ ಅಕ್ಷರ ಕಂಡರೆ ಅನುಮಾನಪಡಿ. ಅದು ಎರಕ ಹೊಯ್ದ ನಕಲಿರಬಹುದು. ನಕಲು ನಾಣ್ಯಗಳೆಲ್ಲ ಒಂದೇ ಅಚ್ಚಿನಿಂದ ಬಂದ ಅವಳಿಗಳಂತಿರುತ್ತವೆ. ಸುತ್ತಿಗೆ ಏಟಿನ ನಾಣ್ಯಗಳಲ್ಲಿ ಒಂದರಂತೆ ಇನ್ನೊಂದು ಇರುವುದು ಕಷ್ಟ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಆಭರಣ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯ ತೂಗಿ. ನಂತರ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿ. ಈಗ ಕಾಣುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಒಳ್ಳೆಯ ತಾಮ್ರವಾದರೆ ಉತ್ತರ 8.9ರ ಆಸುಪಾಸು. 11 ಗ್ರಾಂನ ಒಂದು ಪೈಸೆ ನೀರಿನಲ್ಲಿ 1.24ರಷ್ಟು ತೋರಿಸಬೇಕು. ಹಿತ್ತಾಳೆಯಾದರೆ ಭಾಗಲಬ್ಧ 8.5ರ ಹತ್ತಿರ ಇಳಿಯುತ್ತದೆ. ತಾಮ್ರದಲ್ಲೇ ಮಾಡಿದ ನಕಲು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ ಎಂಬುದೂ ನೆನಪಿರಲಿ. ಅದಕ್ಕೇ ಒಂದೇ ಸಾಕ್ಷಿಯನ್ನು ನಂಬಿ ಕೂರಬಾರದು.

ಈ ಪ್ರಶ್ನೆಗಳೆಲ್ಲ ಬರೀ ಟೈಮ್‌ಪಾಸ್ ಅಲ್ಲ ಎಂದು ಗೊತ್ತಾದದ್ದು ಕಳೆದ ವರ್ಷ. ಊರಿಂದ ಸೋದರಮಾವ ಫೋನ್ ಮಾಡಿದರು. ಅವರ ಬಳಿ ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂದು ಬರೆದಿರುವ, ಇನ್ನೊಂದು ಬದಿಯಲ್ಲಿ ರಾಮ ಪಟ್ಟಾಭಿಷೇಕ ಇರುವ ಆಣೆ ಇತ್ತು. ಫೋಟೊ ನೋಡಿದ ಯಾರೋ ಲಕ್ಷಗಟ್ಟಲೆ ಕೊಡುತ್ತೇವೆ ಎಂದಿದ್ದರಂತೆ. ಮೊದಲು ‘ನೋಂದಣಿ ಶುಲ್ಕ’ವಾಗಿ ಹದಿನೈದು ಸಾವಿರ ಹಾಕಬೇಕಂತೆ. ಮಗಳ ಕಾಲೇಜು ಫೀಸಿಗೆ ತೆಗೆದಿಟ್ಟ ದುಡ್ಡು ಅದು.

‘ದುಡ್ಡು ಹಾಕಬೇಡಿ ಮಾವ, ಇದು ಕಂಪನಿ ನಾಣ್ಯವೇ ಅಲ್ಲ’ ಎಂದೆ.

‘ರಾಮದೇವ್ರು ಇರೋ ನಾಣ್ಯನ ಸುಳ್ಳು ಅಂತೀಯಲ್ಲೋ!’ ಮಾವನಿಗೆ ಸಿಟ್ಟೇ ಬಂತು.

ಭಾನುವಾರ ಬಸ್ಸು ಹತ್ತಿ ಹೋದೆ. ನನ್ನ ಸಂಗ್ರಹದ 1835ರ ಕಾಲಾಣೆಯನ್ನು ಅವರ ಕೈಗಿಟ್ಟೆ. ಇಡೀ ಬ್ರಿಟಿಷ್ ಆಡಳಿತ ಪ್ರದೇಶಕ್ಕೆ ಒಂದೇ ಬಗೆಯ ನಾಣ್ಯ ಬಂದದ್ದು ಆ ವರ್ಷದ ಕಾಯ್ದೆಯಿಂದ. ಅದಕ್ಕೂ ಮುಂಚೆ ಬಂಗಾಳ, ಬಾಂಬೆ, ಮದ್ರಾಸಿಗೆ ಬೇರೆ ಬೇರೆ ನಾಣ್ಯಗಳಿದ್ದವು. ಕಂಪನಿಯ ಮದ್ರಾಸ್ ವರಹಗಳಲ್ಲಿ ದೇವರ ಚಿತ್ರ ಇತ್ತು, ನಿಜ. ಆದರೆ ಅವು ಚಿನ್ನದ ಪುಟಾಣಿ ನಾಣ್ಯಗಳು. ರಾಮ, ಹನುಮಂತರಿರುವ ಇಷ್ಟಗಲದ 1818ರ ಆಣೆಗಳನ್ನು ಕಂಪನಿ ಹೊರಡಿಸಲೇ ಇಲ್ಲ. ಇವು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆಗಳು. ಹಳೇ ನಾಣ್ಯ, ನೋಟುಗಳ ವ್ಯವಹಾರಕ್ಕೆ ತಾನು ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದ್ದನ್ನೂ ಮೊಬೈಲಿನಲ್ಲಿ ತೋರಿಸಿದೆ. ‘ದೇವರ ಮನೆಯಲ್ಲಿಟ್ಟು ಪೂಜೆ ಮಾಡಿ, ತಪ್ಪೇನಿಲ್ಲ. ದುಡ್ಡು ಮಾತ್ರ ಹಾಕಬೇಡಿ’ ಎಂದೆ. ಮಾವ ತುಂಬಾ ಹೊತ್ತು ಸುಮ್ಮನಿದ್ದರು. ದುಡ್ಡು ಉಳಿಯಿತು, ತಂಗಿಯ ಫೀಸು ಕಟ್ಟಿದ್ದಾಯಿತು.

ಅದೇ ಡಬ್ಬಿಯ ತಳದಲ್ಲಿ ಗುಂಡಿ, ಪಿನ್ನುಗಳ ನಡುವೆ ಬೆರಳ ತುದಿಯಷ್ಟಗಲದ ಕಪ್ಪು ಕಾಸೊಂದಿತ್ತು. ಒಂದು ಬದಿ ಆನೆ, ಅದರ ಮೇಲೆ ಸೂರ್ಯ, ಚಂದ್ರ, ‘ಶ್ರೀ’. ಇನ್ನೊಂದು ಬದಿ ಕನ್ನಡದಲ್ಲಿ ‘ಮಯಿಲಿ ಕಾಸು’, ಇಂಗ್ಲಿಷಿನಲ್ಲಿ ‘ಕ್ಯಾಶ್’. ಅಪ್ಪಟ ಮುಮ್ಮಡಿಯವರ ಕಾಸು! ಮಾರಿದರೆ ಕೆಲವು ನೂರು ರೂಪಾಯಿ ಸಿಕ್ಕೀತು, ಅಷ್ಟೆ. ಲಕ್ಷದ ಕನಸು ಕಟ್ಟಿಸಿದ್ದು ಸುಳ್ಳು, ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿದ್ದದ್ದು ನಿಜ.

ನಿಮ್ಮ ಮನೆಯಲ್ಲೂ ಅಜ್ಜಿಯ ಸಂದೂಕದಲ್ಲೋ ದೇವರ ಮನೆಯ ತಟ್ಟೆಯಲ್ಲೋ ಇಂಥದ್ದೊಂದು ಇರಬಹುದು. ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬಂದೀತು, ಆದರೆ ಶತಮಾನಗಳಿಂದ ಕಟ್ಟಿದ ಪದರದ ಜೊತೆ ಅಕ್ಷರವೂ ಹೋದೀತು. ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ಮಣ್ಣನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಿದರೆ ಸಾಕು. ಪುಡಿಯಂಥ ಎಳೆ ಹಸಿರು ಕಂಡರೆ ಅದು ತಾಮ್ರ ತಿನ್ನುವ ರೋಗ, ಬೇರೆ ನಾಣ್ಯಗಳಿಂದ ದೂರ ಇಡಿ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯಗಳು ಸಿಕ್ಕರೆ ಮಾತ್ರ ಜೇಬಿಗೆ ಹಾಕಬೇಡಿ. ಅದು ನಿಧಿ, ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು.

ಆಮೇಲೆ ಒಂದು ಭೂತಗನ್ನಡಿ ಹಿಡಿದು ಕಿಟಕಿ ಪಕ್ಕ ಕುಳಿತುಕೊಳ್ಳಿ. ಓರೆ ಬಿಸಿಲಿನಲ್ಲಿ ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ಸವೆದ ಅಕ್ಷರ ನೆರಳಿನಲ್ಲಿ ಮೇಲೇಳುತ್ತದೆ. ನಿಮ್ಮೂರ ಹೆಸರೇ ಕಂಡರೂ ಕಾಣಬಹುದು.